ಆಟಿಸಂ ಇರುವ ಮಗುವಿಗೆ ಎಷ್ಟು ಭಾಷೆ?

ಅಮೆರಿಕದ ಮನೋವೈದ್ಯ ಲಿಯೊ ಕ್ಯಾನರ್ 1943ರಲ್ಲಿ ವಿವರಿಸಿದ ಹನ್ನೊಂದು ಆಟಿಸಂ ಮಕ್ಕಳಲ್ಲಿ ಮೂವರಿಗೆ ಮಾತೇ ಬಂದಿರಲಿಲ್ಲ. ಉಳಿದ ಎಂಟು ಮಕ್ಕಳು ಮಾತು ಕಲಿತಿದ್ದರೂ ಕೇಳಿದ್ದನ್ನು ಕೇಳಿದ ಹಾಗೆಯೇ ಮರಳಿ ನುಡಿಯುವುದು, ‘ನಾನು’ ಎನ್ನಬೇಕಾದಲ್ಲಿ ‘ನೀನು’ ಎನ್ನುವುದು ಅವರಲ್ಲಿ ಎದ್ದು ಕಾಣುತ್ತಿತ್ತು. ಹೀಗೆ ಮರುನುಡಿಯುವುದನ್ನು ತಜ್ಞರು ಎಖೊಲೇಲಿಯ, ಅಂದರೆ ಪ್ರತಿಧ್ವನಿ ಮಾತು, ಎನ್ನುತ್ತಾರೆ. ಸೇಡಂ ತಾಲ್ಲೂಕಿನ ಕುರಕುಂಟಾದ ಮನೆಯೊಂದರಲ್ಲಿ ತಾಯಿ ‘ಉಣ್ತೀ ಏನು?’ ಎಂದು ಕೇಳಿದಾಗ, ‘ಉಣ್ತೀನಿ’ ಎನ್ನಬೇಕಾದ ಮಗು ‘ಉಣ್ತೀ ಏನು’ ಎಂದೇ ಹೇಳಿದರೆ ಅದು ಇದೇ ಲಕ್ಷಣ; ಕನ್ನಡದಲ್ಲಿ ಸರ್ವನಾಮವನ್ನು ಬಿಟ್ಟರೂ ಕ್ರಿಯಾಪದದ ಕೊನೆಯ ಪ್ರತ್ಯಯವೇ ಆಡುವವರು ಯಾರು, ಕೇಳುವವರು ಯಾರು ಎಂಬುದನ್ನು ತಿಳಿಸುವುದರಿಂದ, ಅದಲುಬದಲು ಆ ಪ್ರತ್ಯಯದಲ್ಲಿಯೇ ಗೋಚರಿಸುತ್ತದೆ.

ಇಂಥ ಮಾತನ್ನು ಬಹುಕಾಲ ಅರ್ಥಹೀನ ಗಿಳಿಪಾಠವೆಂದೇ ಎಣಿಸಲಾಗಿತ್ತು. 1981ರಲ್ಲಿ ಸಂಶೋಧಕರಾದ ಬ್ಯಾರಿ ಪ್ರಿಜಾಂಟ್ ಮತ್ತು ಜುಡಿತ್ ಡುಚನ್ ಆಟಿಸಂ ಇರುವ ನಾಲ್ವರು ಮಕ್ಕಳ ಸಾವಿರಕ್ಕೂ ಹೆಚ್ಚು ಪ್ರತಿಧ್ವನಿ ಮಾತುಗಳನ್ನು ಆಯಾ ಸಂದರ್ಭದ ನೋಟ, ಹಾವಭಾವಗಳ ಜೊತೆಗಿಟ್ಟು ಪರಿಶೀಲಿಸಿದಾಗ, ಅವು ‘ಹೌದು’ ಎಂಬ ಉತ್ತರವಾಗಿ, ಬೇಡಿಕೆಯಾಗಿ, ತನ್ನ ಸರದಿ ತುಂಬುವ ನುಡಿಯಾಗಿ, ತನ್ನನ್ನು ತಾನೇ ನಿಯಂತ್ರಿಸಿಕೊಳ್ಳುವ ಸೂಚನೆಯಾಗಿ ಕೆಲಸ ಮಾಡುತ್ತಿದ್ದುದು ತಿಳಿಯಿತು. ಮಕ್ಕಳು ನಾಲ್ವರೇ ಆದರೂ ಈ ಅಧ್ಯಯನ ಚಿಕಿತ್ಸೆಯ ದಿಕ್ಕನ್ನು ಬದಲಿಸಿತು: ಪ್ರತಿಧ್ವನಿಯನ್ನು ಗದರಿಸಿ ನಿಲ್ಲಿಸುವ ಬದಲು, ತಟ್ಟೆಯತ್ತ ಕೈಚಾಚಿ ‘ಉಣ್ತೀ ಏನು’ ಎಂದ ಮಗುವಿಗೆ ‘ಉಣ್ತೀನಿ’ ಎಂದು ಹೇಳಿಕೊಟ್ಟು ಊಟ ನೀಡುವುದು ಸರಿಯಾದ ಕ್ರಮವೆನಿಸಿತು.

ಸೇಡಂ, ಚಿತ್ತಾಪುರ, ಚಿಂಚೋಳಿಗಳ ಕಡೆ ಇನ್ನೊಂದು ಪ್ರಶ್ನೆ ಏಳುತ್ತದೆ. ಕನ್ನಡ, ತೆಲುಗು, ಉರ್ದು, ಲಂಬಾಣಿ ಒಂದೇ ಓಣಿಯಲ್ಲಿ ಕೇಳಿಬರುವ ಈ ಸೀಮೆಯಲ್ಲಿ, ಮಾತು ತಡವಾದ ಮಗುವಿಗೆ ಭಾಷೆ ಹೆಚ್ಚಾಗಿಯೇ ಗೊಂದಲವಾಗಿದೆ ಎಂದು ಭಾವಿಸುವುದು ಸುಲಭ. ಆದರೆ ಕೆನಡಾದಲ್ಲಿ ಹ್ಯಾಂಬ್ಲಿ ಮತ್ತು ಫೊಂಬೋನ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಭಾಷೆಗಳ ನಡುವೆ ಬೆಳೆದ 45 ಆಟಿಸಂ ಮಕ್ಕಳನ್ನು ಒಂದೇ ಭಾಷೆಯ 30 ಮಕ್ಕಳೊಂದಿಗೆ ಹೋಲಿಸಿದಾಗ, ಮೊದಲ ಗುಂಪಿನಲ್ಲಿ ಹೆಚ್ಚಿನ ವಿಳಂಬವೇನೂ ಕಾಣಲಿಲ್ಲ. ಮೇಲಾಗಿ, ಅಜ್ಜಿಗೆ ಲಂಬಾಣಿಯಷ್ಟೇ ಬರುವ ತಾಂಡಾದ ಮನೆಯಲ್ಲಿ ಮಗುವಿನೊಡನೆ ಕನ್ನಡವನ್ನಷ್ಟೇ ಆಡಬೇಕೆಂದರೆ, ಅದರೊಂದಿಗೆ ಮಾತಾಡುವವರ ಸಂಖ್ಯೆಯೇ ಕುಗ್ಗುತ್ತದೆ.

ಆಟಿಸಂ ಈಗ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ಮಾನ್ಯ ಅಂಗವೈಕಲ್ಯವಾಗಿದೆ. ಅದನ್ನು ಅಳೆಯಲು ಬಳಸುವ 40 ಅಂಶಗಳ ಭಾರತೀಯ ಮಾಪಕದಲ್ಲಿ ಮಾತು ಮತ್ತು ಸಂವಹನಕ್ಕೆ ಪ್ರತ್ಯೇಕ ವಿಭಾಗವೇ ಇದೆ. ಮಗುವಿನ ಮಾತು ತಡವಾಗಿದೆ ಎನಿಸಿದ ಪಾಲಕರು ತಜ್ಞರಲ್ಲಿ ಬೇಗ ತಪಾಸಣೆ ಮಾಡಿಸಬೇಕು. ಮನೆಮಾತನ್ನು ಮಾತ್ರ ಬಿಡಬೇಕಾಗಿಲ್ಲ.