ಪ್ರವಾಸಿಗರ ಉಸಿರು ಮತ್ತು ಗುಹೆಯೊಳಗಿನ ಹವೆ

ಹೊಸಪೇಟೆಯಿಂದ ಹಂಪಿಯನ್ನು ಹಾದು ಕಂಪ್ಲಿಯತ್ತ ಸಾಗುವ ತುಂಗಭದ್ರೆಯ ಇಕ್ಕೆಲದ ಬೆಟ್ಟಗಳು ಬಹುಪಾಲು ಗ್ರಾನೈಟ್ ಶಿಲೆಯವು. ಸಂಡೂರಿನ ಬೆಟ್ಟಸಾಲು ಕಬ್ಬಿಣದ ಅದಿರಿನದು. ಸುಣ್ಣಕಲ್ಲಿನಂತೆ ಇವು ನೀರಿಗೆ ಸುಲಭವಾಗಿ ಕರಗುವುದಿಲ್ಲವಾದ್ದರಿಂದ ಇಲ್ಲಿ ಉದ್ದನೆಯ ಸುರಂಗಗುಹೆಗಳು ಮೂಡಲಿಲ್ಲ. ಹಂಪಿಯ ಸುಗ್ರೀವ ಗುಹೆಯಂಥವು ಬಂಡೆಗಳು ಒಂದಕ್ಕೊಂದು ಒರಗಿದಾಗ ಉಳಿದ ಸಂದುಗಳಷ್ಟೇ ಆಗಿದ್ದು, ಗಾಳಿ ಸರಾಗವಾಗಿ ಹಾಯುವ ಅಂಥ ಕಡೆ ಜನರ ಉಸಿರು ಬಹಳ ಹೊತ್ತು ನಿಲ್ಲದು. ಹಂಪಿಯಲ್ಲೇ ನೆಲಮಟ್ಟಕ್ಕಿಂತ ಕೆಳಗಿರುವ ಪ್ರಸನ್ನ ವಿರೂಪಾಕ್ಷ ದೇಗುಲದ ಸ್ಥಿತಿ ಬೇರೆ: ಗರ್ಭಗುಡಿಯ ಕಡೆಗೆ ಹೋದಂತೆ ಬೆಳಕು ಕುಂದಿ, ನಿಂತ ನೀರಿನ ತೇವವೂ ಬಾವಲಿಗಳ ವಾಸನೆಯೂ ಕೂಡಿದ ಗಾಳಿ ಅಲುಗದೆ ಉಳಿಯುತ್ತದೆ.

ಈ ನಿಶ್ಚಲ ಗಾಳಿಯ ಪರಿಣಾಮವನ್ನು ದೊಡ್ಡ ಪ್ರಮಾಣದಲ್ಲಿ ತಿಳಿಯಲು ನೆರೆಯ ಆಂಧ್ರಪ್ರದೇಶದ ಬೆಲುಂ ಗುಹೆಗಳತ್ತ ನೋಡಬೇಕು. ಬಳ್ಳಾರಿ ಜಿಲ್ಲೆಯ ಭೂವಿಜ್ಞಾನವನ್ನು ಬರೆದಿಟ್ಟ ರಾಬರ್ಟ್ ಬ್ರೂಸ್ ಫೂಟ್ 1884ರಲ್ಲಿ ದಾಖಲಿಸಿದ ಈ ಸುಣ್ಣಕಲ್ಲಿನ ಗುಹಾಜಾಲದ ಉದ್ದ ಮೂರು ಕಿಲೋಮೀಟರಿಗೂ ಮಿಗಿಲು. ಅದರ ಒಂದು ಭಾಗ ಮಾತ್ರ ಪ್ರವಾಸಿಗರಿಗೆ ತೆರೆದಿದೆ.

ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು ಶೇ 0.04ರಷ್ಟಿದ್ದರೆ ಮನುಷ್ಯ ಹೊರಬಿಡುವ ಉಸಿರಿನಲ್ಲಿ ಅದು ಶೇ 4ರ ಆಸುಪಾಸು, ಅಂದರೆ ನೂರು ಪಟ್ಟು. ಜೊತೆಗೆ, ಸುಮ್ಮನೆ ನಿಂತ ಒಬ್ಬ ವ್ಯಕ್ತಿಯ ಮೈ ನೂರು ವ್ಯಾಟ್‌ನ ಬಲ್ಬಿನಷ್ಟು ಶಾಖವನ್ನು ಬಿಡುತ್ತದೆ. ಉಸಿರು, ಬೆವರುಗಳಿಂದ ನೀರಾವಿಯೂ ಸೇರುತ್ತದೆ. ಮೊದಲೇ ತೇವ ತುಂಬಿದ ಗುಹೆಯ ಗಾಳಿ ಈ ಆವಿಯನ್ನು ಹಿಡಿದಿಡಲಾರದೆ ತಂಪಾದ ಗೋಡೆಯ ಮೇಲೆ ಹನಿಗಟ್ಟಿಸಿದಾಗ, ಆ ಹನಿಯಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ದುರ್ಬಲವಾದ ಕಾರ್ಬಾನಿಕ್ ಆಮ್ಲವಾಗಿ ಸುಣ್ಣಕಲ್ಲನ್ನು ಸವೆಸುತ್ತದೆ. ಇನ್ನೊಂದು ಹಾನಿ ಕಣ್ಣಿಗೆ ಬೀಳದಂಥದು. ಮೇಲಿನಿಂದ ತೊಟ್ಟಿಕ್ಕುವ ನೀರು ತನ್ನೊಳಗಿನ ಇಂಗಾಲದ ಡೈಆಕ್ಸೈಡನ್ನು ಗುಹೆಯ ಗಾಳಿಗೆ ಬಿಟ್ಟುಕೊಟ್ಟರೆ ಮಾತ್ರ ಅದರಲ್ಲಿನ ಸುಣ್ಣ ಕಲ್ಲಾಗಿ ಗಟ್ಟಿಗೊಂಡು ತೂಗುಕಲ್ಲುಗಳು ಬೆಳೆಯುತ್ತವೆ. ಗಾಳಿಯಲ್ಲಿ ಆ ಅನಿಲ ಹೆಚ್ಚಿದಷ್ಟೂ ಈ ಬೆಳವಣಿಗೆ ಕುಂಠಿತವಾಗುತ್ತದೆ.

ಇದರಲ್ಲಿ ಋತುಮಾನದ ಪಾತ್ರ ದೊಡ್ಡದು. ಬಾಯಿಯಿಂದ ಕೆಳಕ್ಕಿಳಿಯುವ ಗುಹೆಗೆ ಚಳಿಗಾಲದ ರಾತ್ರಿಗಳಲ್ಲಿ ತಂಪಾದ, ಭಾರವಾದ ಗಾಳಿ ತಾನಾಗಿ ಇಳಿದು ಒಳಗಿನದನ್ನು ಹೊರದೂಡುತ್ತದೆ. ಬಿಸಿಲುಗಾಲದಲ್ಲಿ ಹೊರಗಿನ ಕಾದ, ಹಗುರ ಗಾಳಿ ಒಳಗಿಳಿಯದೆ ಗುಹೆಯ ಗಾಳಿ ನಿಂತಲ್ಲೇ ನಿಲ್ಲುತ್ತದೆ. ಆದ್ದರಿಂದ ಶಾಲೆಗಳ ಬೇಸಿಗೆ ರಜೆಯಲ್ಲಿ ಬರುವ ಒಬ್ಬೊಬ್ಬ ಪ್ರವಾಸಿಯ ಉಸಿರಿನ ಭಾರವೂ ಚಳಿಗಾಲದಲ್ಲಿ ಬರುವವನದಕ್ಕಿಂತ ಹೆಚ್ಚು. ಯಂತ್ರದಿಂದ ಗಾಳಿ ನುಗ್ಗಿಸುವುದು ಜನರ ಉಸಿರಾಟಕ್ಕೆ ಅನುಕೂಲವೇ ಹೊರತು ಗುಹೆಗಲ್ಲ. ಹೊರಗಿನ ಒಣಗಾಳಿ ತೊಟ್ಟಿಕ್ಕುವ ನೀರನ್ನು ಆರಿಸಿ, ಧೂಳನ್ನೂ ಒಳಗೆ ತರುತ್ತದೆ. ದೀಪಗಳ ಸುತ್ತ ಪಾಚಿ ಬೆಳೆಯುವುದು ಮತ್ತೊಂದು ತೊಂದರೆ.

ಫ್ರಾನ್ಸಿನ ಲಾಸ್ಕೋ ಗುಹೆಯನ್ನು 1948ರಲ್ಲಿ ಸಾರ್ವಜನಿಕರಿಗೆ ತೆರೆದು, ಆದಿಮಾನವನ ಚಿತ್ರಗಳ ಮೇಲೆ ಹಸಿರು ಪಾಚಿ ಹಬ್ಬಿದ್ದರಿಂದ 1963ರಲ್ಲೇ ಮುಚ್ಚಬೇಕಾಯಿತು. ಗುಹೆಗಳ ಪ್ರವೇಶಮಿತಿಯನ್ನು ವಾಹನ ನಿಲುಗಡೆಯ ಜಾಗ ನೋಡಿ ನಿರ್ಧರಿಸದೆ, ಸಂಜೆ ಏರಿದ ಇಂಗಾಲದ ಡೈಆಕ್ಸೈಡ್ ಮರುದಿನ ಬೆಳಿಗ್ಗೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿಯುವುದೇ ಎಂಬ ಅಳತೆಯಿಂದ, ಋತುವಿಗೊಮ್ಮೆ ನಿರ್ಧರಿಸುವುದು ಸರಿಯಾದ ಕ್ರಮ. ಇಳಿಯದಿದ್ದ ಮರುದಿನ ಟಿಕೆಟ್ ಕಡಿತಗೊಳ್ಳಬೇಕು.