ಥಾರ್ ಮರುಭೂಮಿಯ ಒಳನಾಡು ರಸ್ತೆಗಳಲ್ಲಿ ಸುರಕ್ಷಿತ ಪ್ರಯಾಣ: ಪ್ರವಾಸಿಗರಿಗೆ ಮಾಹಿತಿ

ರಾಜಸ್ಥಾನದ ಜೈಸಲ್ಮೇರ್ ಜಿಲ್ಲೆಯು ಥಾರ್ ಮರುಭೂಮಿಯಲ್ಲಿ, ಪಾಕಿಸ್ತಾನದ ಗಡಿಗೆ ಹೊಂದಿಕೊಂಡಿದೆ. 1971ರ ಡಿಸೆಂಬರ್‌ನಲ್ಲಿ ಯುದ್ಧ ನಡೆದ ಲೋಂಗೆವಾಲಾ ಹಾಗೂ ಗಡಿ ಭದ್ರತಾ ಪಡೆಯ ಉಸ್ತುವಾರಿಯಲ್ಲಿರುವ ತನೋಟ್ ಮಾತಾ ದೇವಾಲಯಗಳಿಗೆ ಕರ್ನಾಟಕದ ಪ್ರವಾಸಿಗರೂ ಭೇಟಿ ನೀಡುತ್ತಾರೆ. ಜೈಸಲ್ಮೇರ್ ನಗರದಿಂದ ರಾಮಗಢ ಮಾರ್ಗವಾಗಿ ತನೋಟ್ ಸುಮಾರು 120 ಕಿ.ಮೀ. ದೂರದಲ್ಲಿದೆ. ಮುಖ್ಯ ರಸ್ತೆಯು ಡಾಂಬರು ರಸ್ತೆಯಾಗಿದ್ದರೂ ಗಾಳಿಗೆ ಮರಳು ಬಂದು ರಸ್ತೆಯನ್ನು ಮುಚ್ಚುವುದುಂಟು. ಊರುಗಳು ವಿರಳ. ಅನೇಕ ಕಡೆ ಮೊಬೈಲ್ ಸಂಪರ್ಕ ದೊರೆಯುವುದಿಲ್ಲ. ಇಲ್ಲಿ ವಾಹನ ಕೆಟ್ಟು ನಿಲ್ಲುವುದು ಒಂದು ಅಡಚಣೆ ಮಾತ್ರ. ನೀರಿಲ್ಲದೆ ಕೆಟ್ಟು ನಿಂತಲ್ಲಿ ಅದು ಪ್ರಾಣಾಪಾಯವಾಗುತ್ತದೆ.

ಸೂಕ್ತ ಕಾಲ

ನವೆಂಬರ್‌ನಿಂದ ಫೆಬ್ರವರಿವರೆಗಿನ ಅವಧಿಯು ಪ್ರಯಾಣಕ್ಕೆ ಯೋಗ್ಯವಾಗಿದೆ. ಈ ಅವಧಿಯಲ್ಲಿ ರಾತ್ರಿ ತೀವ್ರ ಚಳಿಯಿರುವುದರಿಂದ ಕಂಬಳಿ ಅವಶ್ಯಕ. ಮೇ ಮತ್ತು ಜೂನ್ ತಿಂಗಳುಗಳಲ್ಲಿ ಬಿಸಿಗಾಳಿ ಹಾಗೂ ಧೂಳು ಬಿರುಗಾಳಿ ಬೀಸುತ್ತವೆ. ಇದೇ ಪ್ರದೇಶದ ಫಲೋದಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ದಾಖಲಾಗಿತ್ತು.

ಹೊರಡುವ ಮುನ್ನ

1. ನೀರು: ಪ್ರತಿ ವ್ಯಕ್ತಿಗೆ ದಿನಕ್ಕೆ ಕನಿಷ್ಠ 5 ಲೀಟರ್ ಲೆಕ್ಕ ಹಾಕತಕ್ಕದ್ದು. ಒಂದು ದಿನದ ಪ್ರಯಾಣವಾದರೂ ಇನ್ನೊಂದು ದಿನಕ್ಕೆ ಸಾಕಾಗುವಷ್ಟು ಹೆಚ್ಚುವರಿ ನೀರು ಇರಬೇಕು. ಅದರಂತೆ ನಾಲ್ವರಿಗೆ 40 ಲೀಟರ್, ಅಂದರೆ 20 ಲೀಟರಿನ ಎರಡು ಕ್ಯಾನು. ರೇಡಿಯೇಟರಿನ ನೀರು ಇದರಲ್ಲಿ ಸೇರಿರುವುದಿಲ್ಲ.
2. ವಾಹನ: ಇಂಧನ ತೊಟ್ಟಿಯನ್ನು ಜೈಸಲ್ಮೇರ್‌ನಲ್ಲಿಯೇ ಪೂರ್ಣ ತುಂಬಿಸುವುದು. ಹೆಚ್ಚುವರಿ ಚಕ್ರ, ಜಾಕ್, ಜಾಕ್ ಮರಳಿನಲ್ಲಿ ಹೂತುಹೋಗದಂತೆ ಅಡಿಗೆ ಇಡಲು ಅಗಲವಾದ ಹಲಗೆ, ಸಲಿಕೆ, ಗಾಳಿ ತುಂಬುವ ಪಂಪು, ಎಳೆಯುವ ಹಗ್ಗ ಹಾಗೂ ಟಾರ್ಚ್ ಇರಿಸಿಕೊಳ್ಳುವುದು.
3. ಮಾಹಿತಿ: ಹೋಗುವ ಮಾರ್ಗ ಮತ್ತು ಹಿಂದಿರುಗುವ ಸಮಯವನ್ನು ವಸತಿಗೃಹದವರಿಗೆ ಲಿಖಿತವಾಗಿ ತಿಳಿಸುವುದು. ಹುಡುಕುವವರಿಗೆ ಎಲ್ಲಿ ಹುಡುಕಬೇಕೆಂದು ತಿಳಿಯುವುದು ಇದರಿಂದಲೇ.
4. ಅನುಮತಿ: ತನೋಟ್‌ನಿಂದ ಮುಂದಕ್ಕೆ ಗಡಿಯತ್ತ ಸಾಗಲು ಪೂರ್ವಾನುಮತಿ ಅವಶ್ಯಕ. ಪರವಾನಗಿಯಿಲ್ಲದೆ ಉಪಗ್ರಹ ದೂರವಾಣಿ ಹೊಂದಿರುವುದು ಭಾರತದಲ್ಲಿ ಕಾನೂನುಬಾಹಿರ. ವಿದೇಶದಿಂದ ಬರುವ ಕನ್ನಡಿಗರು ಇದನ್ನು ವಿಶೇಷವಾಗಿ ಗಮನಿಸುವುದು.

ಮಾರ್ಗಮಧ್ಯದಲ್ಲಿ

ಸೂರ್ಯಾಸ್ತದ ನಂತರ ಪ್ರಯಾಣ ಬೇಡ. ರಸ್ತೆಗೆ ಅಡ್ಡ ಬರುವ ಒಂಟೆಗಳು ಕತ್ತಲೆಯಲ್ಲಿ ಕಾಣುವುದಿಲ್ಲ. ಒಂಟೆಯ ಕಾಲು ಎತ್ತರವಾಗಿರುವುದರಿಂದ ಡಿಕ್ಕಿಯಾದಾಗ ಅದರ ದೇಹವು ಕಾರಿನ ಮುಂದಿನ ಗಾಜಿನ ಮೇಲೆಯೇ ಬೀಳುತ್ತದೆ. ಧೂಳು ಬಿರುಗಾಳಿ ಎದುರಾದಲ್ಲಿ ರಸ್ತೆಯಿಂದ ಸಂಪೂರ್ಣ ಹೊರಗೆ, ಗಟ್ಟಿ ನೆಲದಲ್ಲಿ ವಾಹನ ನಿಲ್ಲಿಸಿ ದೀಪಗಳನ್ನು ಆರಿಸಬೇಕು. ದೀಪ ಉರಿಯುತ್ತಿದ್ದರೆ ಹಿಂದಿನವರು ಅದನ್ನೇ ರಸ್ತೆಯೆಂದು ಭಾವಿಸಿ ಬಂದು ಗುದ್ದುವ ಸಂಭವವಿದೆ.

ಚಕ್ರ ಮರಳಿನಲ್ಲಿ ಹೂತಲ್ಲಿ ಎಂಜಿನ್ ವೇಗ ಹೆಚ್ಚಿಸಬಾರದು. ಚಕ್ರ ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಚಕ್ರಗಳ ಮುಂದಿನ ಮರಳನ್ನು ತೆಗೆದು, ಟೈರಿನ ಗಾಳಿಯನ್ನು ಸುಮಾರು 20 ಪಿ.ಎಸ್.ಐ.ಗೆ ಇಳಿಸಿ, ನಿಧಾನವಾಗಿ ಹೊರತೆಗೆಯಬೇಕು. ಡಾಂಬರು ರಸ್ತೆಗೆ ಬಂದೊಡನೆ ಗಾಳಿಯನ್ನು ಮೊದಲಿನಂತೆ ತುಂಬಿಸಬೇಕು.

ವಾಹನ ಕೆಟ್ಟು ನಿಂತಲ್ಲಿ

ಯಾವುದೇ ಕಾರಣಕ್ಕೂ ವಾಹನವನ್ನು ಬಿಟ್ಟು ನಡೆದು ಹೋಗಬಾರದು. ಮರುಭೂಮಿಯಲ್ಲಿ ದೂರ ಕಣ್ಣಿಗೆ ಹತ್ತಿರವಾಗಿ ತೋರುತ್ತದೆ. ನಡೆಯುವ ಮನುಷ್ಯನಿಗಿಂತ ನಿಂತ ವಾಹನವು ಹುಡುಕುವವರಿಗೆ ಬೇಗ ಕಾಣುತ್ತದೆ. ಬಾನೆಟ್ ತೆರೆದಿಟ್ಟು, ಬಣ್ಣದ ಬಟ್ಟೆ ಕಟ್ಟಿ, ವಾಹನದ ನೆರಳಿನಲ್ಲಿ ಉಳಿಯಬೇಕು. ಬಾಯಾರಿದಾಗ ನೀರು ಕುಡಿಯಬೇಕು. ಉಳಿಸುವ ನೆಪದಲ್ಲಿ ದೇಹವನ್ನು ಒಣಗಿಸಬಾರದು. ನೀರಿಗಿಂತ ಬೆವರನ್ನು ಉಳಿಸುವುದು ಲೇಸು. ಆದ್ದರಿಂದ ಹಗಲಿನಲ್ಲಿ ಶ್ರಮದ ಕೆಲಸ ಬೇಡ.

ಸಂಗಡಿಗರಲ್ಲಿ ಯಾರಾದರೂ ಅಸಂಬದ್ಧವಾಗಿ ಮಾತನಾಡತೊಡಗಿದಲ್ಲಿ ಅಥವಾ ಮೈ ಸುಡುವಷ್ಟು ಬಿಸಿಯಾದಲ್ಲಿ ಅದು ಉಷ್ಣಾಘಾತದ ಲಕ್ಷಣ. ಕೂಡಲೇ ನೆರಳಿಗೆ ತಂದು, ಮೈಗೆ ನೀರು ಹಾಕಿ, ಗಾಳಿ ಬೀಸಬೇಕು. ಪ್ರಜ್ಞೆಯಿಲ್ಲದವರಿಗೆ ನೀರು ಕುಡಿಸಬಾರದು.

ತುರ್ತು ಸಂದರ್ಭದಲ್ಲಿ, ಸಂಪರ್ಕ ದೊರೆತಲ್ಲಿ, 112 ಸಂಖ್ಯೆಗೆ ಕರೆ ಮಾಡಬಹುದು. ಹಾದಿಯಲ್ಲಿ ಎದುರಾಗುವ ಸೈನಿಕ ಅಥವಾ ಗಡಿ ಭದ್ರತಾ ಪಡೆಯ ವಾಹನಗಳ ನೆರವನ್ನೂ ಕೋರಬಹುದು. ಪ್ರವಾಸಿಗರು ಮೇಲ್ಕಂಡ ಮುನ್ನೆಚ್ಚರಿಕೆಗಳನ್ನು ಪಾಲಿಸಿ, ಸುರಕ್ಷಿತವಾಗಿ ಹಿಂದಿರುಗಲು ಕೋರಲಾಗಿದೆ.