ಡೊಂಬಿವಲಿಯ ಬೆವರು, ಲ್ಯಾಪ್‌ಲ್ಯಾಂಡಿನ ಹಿಮ

ಡಿಸೆಂಬರ್ ತಿಂಗಳಾದರೂ ಡೊಂಬಿವಲಿಯಲ್ಲಿ ಫಾಸ್ಟ್ ಲೋಕಲ್ ಹತ್ತಿದವರಿಗೆ ಥಾಣೆ ಬರುವಷ್ಟರಲ್ಲಿ ಅಂಗಿ ಬೆನ್ನಿಗಂಟಿರುತ್ತದೆ. ಇಂಥ ಊರಿನವರೂ ಈಗ ಫಿನ್ಲೆಂಡ್, ನಾರ್ವೆಗಳ ಉತ್ತರದ ತುದಿಗೆ ಪ್ರವಾಸ ಹೊರಡುತ್ತಾರೆ. ಮಗನೋ ಮಗಳೋ ಯುರೋಪಿನಲ್ಲಿ ನೌಕರಿಯಲ್ಲಿದ್ದರೆ ಅಪ್ಪ ಅಮ್ಮನಿಗೂ ಆ ಯೋಗ. ನೋಡಬೇಕಾದ್ದರ ಪಟ್ಟಿಯಲ್ಲಿ ಧ್ರುವಪ್ರಭೆಯ ಜೊತೆಗೆ ನಾಯಿಗಳು ಎಳೆಯುವ ಸ್ಲೆಡ್ ಸವಾರಿಯೂ ಇರುತ್ತದೆ. ಟಿಕೆಟ್ ಕೈಗೆ ಬಂದ ಕೂಡಲೇ ದಪ್ಪ ಸ್ವೆಟರಿನ ಹುಡುಕಾಟ ಶುರು. ಸ್ವೆಟರ್ ಬೇಕು, ನಿಜ. ಅದಕ್ಕಿಂತ ಮೊದಲು ಯೋಚಿಸಬೇಕಾದ್ದು ಬೆವರಿನ ಬಗ್ಗೆ.

ಮೈನಸ್ 18 ಡಿಗ್ರಿ ಸೆಲ್ಸಿಯಸ್ ಎಂದರೆ ಎಲ್ಲೋ ಭೂಮಿಯ ತುದಿಯ ಸಂಗತಿ ಅನ್ನಿಸುತ್ತದೆ. ಮನೆಯ ಫ್ರಿಜ್ಜಿನ ಫ್ರೀಜರ್ ಸುಮಾರಾಗಿ ಅಷ್ಟೇ ತಣ್ಣಗಿರುತ್ತದೆ. ತಳೋಜದ ಕಾರ್ಖಾನೆಗಳಿಂದ ಹೊರದೇಶಕ್ಕೆ ಹೋಗುವ ಸಿಗಡಿಯನ್ನು ಕಾಪಾಡುವುದೂ ಇದೇ ಮಟ್ಟದ ಚಳಿ. ಆ ಉತ್ತರದ ತುದಿಯ ಲ್ಯಾಪ್‌ಲ್ಯಾಂಡಿನ ಜನವರಿಯೂ ಹೆಚ್ಚುಕಡಿಮೆ ಹೀಗೆಯೇ, ಕೆಲವು ದಿನ ಇನ್ನೂ ಕೆಳಗಿಳಿಯುತ್ತದೆ. ಹಾಗಾಗಿ ಒಂದು ಪ್ರಯೋಗವನ್ನು ಅಡುಗೆಮನೆಯಲ್ಲೇ ಮಾಡಬಹುದು. ಎರಡು ಹತ್ತಿ ಬನಿಯನ್ ತೆಗೆದುಕೊಳ್ಳಿ. ಒಂದು ಒಣಗಿರಲಿ, ಇನ್ನೊಂದನ್ನು ಒದ್ದೆ ಮಾಡಿ ಚೆನ್ನಾಗಿ ಹಿಂಡಿ. ಎರಡನ್ನೂ ಫ್ರೀಜರಿನಲ್ಲಿಟ್ಟು ಒಂದೆರಡು ಗಂಟೆ ಬಿಟ್ಟು ತೆಗೆದರೆ, ಒಣ ಬನಿಯನ್ ಮೆತ್ತಗೇ ಇರುತ್ತದೆ. ಒದ್ದೆಯದು ಒಣಮೀನಿನಂತೆ ಸೆಟೆದಿರುತ್ತದೆ.

ಒದ್ದೆ ಬಟ್ಟೆ ಅಂಥ ಚಳಿಯಲ್ಲಿ ಮೈಯನ್ನೂ ಬೆಚ್ಚಗಿಡದು. ಕಾರಣ ಸರಳ. ಬಟ್ಟೆಗೆ ತನ್ನದೇ ಆದ ಶಾಖವಿಲ್ಲ. ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿಯೇ ನಮ್ಮನ್ನು ಬೆಚ್ಚಗಿಡುವುದು. ಬೆವರಿನಿಂದ ಬಟ್ಟೆ ನೆನೆದರೆ ಗಾಳಿಯ ಜಾಗಕ್ಕೆ ನೀರು ಬರುತ್ತದೆ. ನೀರು ಶಾಖವನ್ನು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಸಾಗಿಸುತ್ತದೆ. ಹತ್ತಿ ಬೆವರನ್ನು ಹೀರಿ ಮೈಗೆ ಅಂಟಿಸಿಯೇ ಇಟ್ಟುಕೊಳ್ಳುತ್ತದೆ. ಥಾಣೆಯ ಸೆಕೆಗೆ ಹೇಳಿಮಾಡಿಸಿದಂಥ ಈ ಗುಣವೇ ಅಲ್ಲಿ ಕುತ್ತು. ಉಣ್ಣೆಯಾದರೋ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವವನ್ನು ಎಳೆಯ ಒಳಗೇ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ.

ಆದ್ದರಿಂದ ಒಂದೇ ದಪ್ಪ ಕೋಟಿಗಿಂತ ಮೂರು ಪದರ ಮೇಲು. ಮೈಗೆ ತಾಗಿಕೊಂಡು ತೆಳು ಉಣ್ಣೆ ಅಥವಾ ಪಾಲಿಯೆಸ್ಟರ್, ಅದರ ಮೇಲೆ ಫ್ಲೀಸ್ ಅಥವಾ ಸ್ವೆಟರ್, ಹೊರಗೆ ಗಾಳಿ ತಡೆಯುವ ಹೊದಿಕೆ. ಸವಾರಿ ನಡೆಸುವವರು ಹೊರಗಿನ ದಪ್ಪ ಉಡುಪು, ಬೂಟು, ಕೈಗವಸುಗಳನ್ನು ಸಾಮಾನ್ಯವಾಗಿ ಅವರೇ ಕೊಡುತ್ತಾರೆ. ಬುಕಿಂಗ್ ಮಾಡುವಾಗ ಕೇಳಿಕೊಂಡರೆ ದುಡ್ಡೂ ಉಳಿಯಿತು, ಪೆಟ್ಟಿಗೆಯ ತೂಕವೂ ಇಳಿಯಿತು. ಬೂಟಿನೊಳಗೆ ಮೂರು ಜೊತೆ ಕಾಲುಚೀಲ ತುರುಕಬೇಡಿ. ಬಿಗಿಯಾದರೆ ಒಳಗಿನ ಗಾಳಿಯೂ ಹೋಯಿತು, ಬೆರಳಿಗೆ ರಕ್ತವೂ ಇಳಿಯಲಿಲ್ಲ.

ಸ್ಲೆಡ್‌ನಲ್ಲಿ ಸಾಮಾನ್ಯವಾಗಿ ಇಬ್ಬರು. ಒಬ್ಬರು ಹಿಂದಿನ ಪಟ್ಟಿಗಳ ಮೇಲೆ ನಿಂತು ನಡೆಸಬೇಕು, ಇನ್ನೊಬ್ಬರು ಮುಂದೆ ಕಂಬಳಿ ಹೊದ್ದು ಕೂರಬೇಕು. ನಿಂತವರಿಗೆ ಮಾರ್ಗದರ್ಶಕರು ಹೇಳಿಕೊಡುವ ಮೊದಲ ಪಾಠ, ಏನೇ ಆದರೂ ಹಿಡಿಕೆ ಬಿಡಬೇಡಿ ಎಂಬುದು. ಬಿಟ್ಟರೆ ನಾಯಿಗಳು ನಿಮ್ಮನ್ನು ಕಾಯುವುದಿಲ್ಲ. ಏರಿನಲ್ಲಿ ಕೆಳಗಿಳಿದು ತಳ್ಳಬೇಕಾಗುತ್ತದೆ, ಆಗ ಮೈ ಬಿಸಿಯೇರುತ್ತದೆ. ಬೆವರು ಒಡೆಯುವ ಮೊದಲೇ ಕುತ್ತಿಗೆಯ ಬಳಿ ಜಿಪ್ ಸ್ವಲ್ಪ ಇಳಿಸಬೇಕು. ಕೂತವರ ಪಾಡು ಬೇರೆ. ಸ್ನಾಯು ದುಡಿಯುವುದಿಲ್ಲ, ಗಾಳಿ ಮಾತ್ರ ಮುಖಕ್ಕೆ ರಾಚುತ್ತದೆ. ಮೈನಸ್ 20 ಡಿಗ್ರಿಯಲ್ಲಿ ಎಲೆಯೂ ಅಲುಗದಿದ್ದರೂ ಗಂಟೆಗೆ 15 ಕಿ.ಮೀ. ವೇಗದ ಸ್ಲೆಡ್ ತನ್ನ ಗಾಳಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಆಗ ಬರಿಮೈಗೆ ತಟ್ಟುವುದು ಮೈನಸ್ 29ರ ಚಳಿ. ಅದಕ್ಕೇ ನಡುವೆ ಜಾಗ ಬದಲಿಸಿಕೊಳ್ಳುವುದು ಒಳ್ಳೆಯದು.

ಮೊದಲು ಮರಗಟ್ಟುವುದು ಬೆರಳು. ಚಳಿ ತಾಗಿದಾಗ ದೇಹ ಹೃದಯ, ಮೆದುಳುಗಳನ್ನು ಉಳಿಸಿಕೊಳ್ಳಲು ಕೈಕಾಲುಗಳ ರಕ್ತನಾಳಗಳನ್ನು ಬಿಗಿಯುತ್ತದೆ, ಆಮೇಲೆ ಆಗಾಗ ಸಡಿಲಿಸಿ ಬೆರಳಿಗೆ ಬಿಸಿ ರಕ್ತ ಕಳಿಸುತ್ತದೆ. ನಮ್ಮ ರಕ್ಷಣಾ ಸಂಶೋಧನಾ ಸಂಸ್ಥೆಗೆ ಸೇರಿದ ದೆಹಲಿಯ ಡಿಪಾಸ್ ವಿಜ್ಞಾನಿಗಳು ಉಷ್ಣವಲಯದ ಭಾರತೀಯರನ್ನು ಆರ್ಕ್ಟಿಕ್‌ನಲ್ಲೇ ಪರೀಕ್ಷಿಸಿದಾಗ, ಅಲ್ಲಿಯ ಮೂಲನಿವಾಸಿಗಳಲ್ಲಿ ಈ ಸಡಿಲಿಕೆ ಚುರುಕಾಗಿಯೂ ನಮ್ಮವರಲ್ಲಿ ಮಂದವಾಗಿಯೂ ಕಂಡಿತು. ಒಂದು ವಾರದ ಪ್ರವಾಸದಲ್ಲಿ ಅದನ್ನು ಪಳಗಿಸಲು ಆಗದು. ಫೋಟೋಕ್ಕೆಂದು ಕೈಗವಸು ತೆಗೆದರೆ ಎಣಿಸಿ ಹತ್ತು ಸೆಕೆಂಡು, ಅಷ್ಟೇ. ಅಸ್ತಮಾ, ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಹೊರಡಬೇಕು.

ಇನ್ನೊಂದು ಮೋಸವಿದೆ, ಬಾಯಾರಿಕೆ ಗೊತ್ತಾಗುವುದಿಲ್ಲ. 30 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು; ಮೈನಸ್ 20ರ ಗಾಳಿಗೆ ಒಂದು ಗ್ರಾಂ ಹಿಡಿಸುವುದೇ ಕಷ್ಟ. ಆ ಒಣ ಗಾಳಿಯನ್ನು ಒಳಗೆಳೆದು ತೇವ ಮಾಡಿ ಹೊರಬಿಡುವಾಗ ಪ್ರತಿ ಉಸಿರಿಗೂ ಮೈಯ ನೀರು ಹೋಗುತ್ತದೆ. ಬಾಯಿಂದ ಏಳುವ ಹಬೆ ಅದೇ. ಫ್ಲಾಸ್ಕಿನಲ್ಲಿ ಬಿಸಿನೀರು ಇರಲಿ. ಎ.ಸಿ. ಲೋಕಲ್‌ನಿಂದ ಇಳಿದಾಗ ಕನ್ನಡಕ ಮಬ್ಬಾಗುತ್ತದಲ್ಲ, ಅಲ್ಲಿ ಬಿಸಿ ಗುಡಿಸಲಿಗೆ ಕಾಲಿಟ್ಟಾಗ ಕ್ಯಾಮೆರಾಕ್ಕೂ ಅದೇ ಗತಿ. ಹೊರಗಿರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಬಿಗಿದರೆ ಪನಿ ಚೀಲದ ಮೇಲೆ ಕೂರುತ್ತದೆ. ಚಳಿಗೆ ಮೊಬೈಲ್ ಬ್ಯಾಟರಿ ಬೇಗ ಕುಸಿಯುವುದರಿಂದ ಅದನ್ನು ಒಳಗಿನ ಜೇಬಿನಲ್ಲಿಡಿ.

ನಮಗೆ ಇಷ್ಟೆಲ್ಲ ಬೇಕಾದಲ್ಲಿ ನಾಯಿಗಳು ಬರಿಗಾಲಲ್ಲಿ ನಿಂತಿರುತ್ತವೆ. ಹೊರಡುವ ತನಕ ಕಿವಿಗಡಚಿಕ್ಕುವಂತೆ ಬೊಗಳಿ, ಓಡತೊಡಗಿದ ಕೂಡಲೇ ಮೌನ. ಸೈಬೀರಿಯಾದ ಝೋಖೋವ್ ದ್ವೀಪದಲ್ಲಿ ಸಿಕ್ಕ ಅವಶೇಷಗಳ ಪ್ರಕಾರ ಮನುಷ್ಯ ಸುಮಾರು 9,500 ವರ್ಷ ಹಿಂದೆಯೇ ನಾಯಿಗೆ ಸ್ಲೆಡ್ ಕಟ್ಟಿದ್ದ. ಸ್ಲೆಡ್ ಎಳೆಯುವ ಹಸ್ಕಿ ತಳಿಯ ನಾಯಿಯ ಮೈಮೇಲೆ ಎರಡು ಪದರ ಕೂದಲು: ಒಳಗೆ ಹತ್ತಿಯಂಥ ದಟ್ಟ ನವಿರು, ಹೊರಗೆ ಹಿಮ ತಡೆಯುವ ಉದ್ದ ರೋಮ. ನಾಯಿಯ ಪಾದದಲ್ಲಿ ಕೆಳಗಿಳಿಯುವ ಬಿಸಿ ರಕ್ತದ ನಾಳವೂ ಮೇಲೇರುವ ತಣ್ಣನೆಯ ರಕ್ತದ ನಾಳಗಳೂ ಹೊಂದಿಕೊಂಡೇ ಇವೆ. ಶಾಖ ಒಂದರಿಂದ ಇನ್ನೊಂದಕ್ಕೆ ದಾಟಿ ಮೈಗೇ ಮರಳುತ್ತದೆ, ನೆಲಕ್ಕೆ ಸೋರುವುದಿಲ್ಲ. ಜಪಾನಿನ ವಿಜ್ಞಾನಿಗಳು ಇದನ್ನು ಸೂಕ್ಷ್ಮದರ್ಶಕದಲ್ಲಿ ಕಂಡುಹಿಡಿದರು. 1973ರಿಂದ ಅಲಾಸ್ಕಾದಲ್ಲಿ ನಡೆಯುವ ಇಡಿಟರಾಡ್ ಓಟದ ದಾರಿ ಸುಮಾರು 1,600 ಕಿ.ಮೀ. ಅಲ್ಲಿ ಓಡುವ ಒಂದೊಂದು ನಾಯಿಯೂ ದಿನಕ್ಕೆ 10,000 ಕ್ಯಾಲೊರಿಯಷ್ಟು, ಹೆಚ್ಚಾಗಿ ಕೊಬ್ಬನ್ನು, ಉರಿಸುತ್ತದೆ.

ಇಂಥ ಒಲೆಯನ್ನು ಹೊಟ್ಟೆಯಲ್ಲಿಟ್ಟುಕೊಂಡ ಪ್ರಾಣಿಗೆ ಚಳಿಗಿಂತ ಸೆಕೆಯೇ ಭಯ. ನಾಯಿ ನಮ್ಮಂತೆ ಮೈತುಂಬ ಬೆವರುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟು ತೇವ ಆರಿಸಿಕೊಂಡು ತಣ್ಣಗಾಗುತ್ತದೆ. ಕೊಲ್ಲಿಯ ಪಕ್ಕದ ಥಾಣೆ, ನವಿ ಮುಂಬಯಿಗಳ ಗಾಳಿಯಲ್ಲಿ ಮೊದಲೇ ತೇವ ತುಂಬಿರುತ್ತದೆ. ಲೋಕಲ್‌ನಲ್ಲಿ ನಮ್ಮ ಅಂಗಿ ಆರದಿರುವ ಕಾರಣಕ್ಕೇ ಹಸ್ಕಿಯ ನಾಲಿಗೆಯೂ ಇಲ್ಲಿ ಸರಿಯಾಗಿ ಆರುವುದಿಲ್ಲ. ಆದರೂ ಇಲ್ಲಿನ ಫ್ಲ್ಯಾಟುಗಳಲ್ಲಿ ಎ.ಸಿ. ಹಾಕಿ ಹಸ್ಕಿ ಸಾಕುವವರಿದ್ದಾರೆ. ಮೇ ತಿಂಗಳಲ್ಲಿ ಕರೆಂಟು ಹೋದರೆ ಅದರ ಗತಿಯೇನು?

ಆ ನಾಯಿಯ ಮೇಲೆ ಪ್ರೀತಿಯಿದ್ದರೆ ಹಣ ಕೂಡಿಟ್ಟು, ಮೂರು ಪದರ ಬಟ್ಟೆ ಹಾಕಿಕೊಂಡು ಅದರ ಊರಿಗೇ ಹೋಗಿ ನೋಡಿ ಬನ್ನಿ. ಮನೆಯಲ್ಲಿ ನಾಯಿ ಬೇಕಿದ್ದರೆ ಸೊಸೈಟಿಯ ಗೇಟಿನಲ್ಲಿ ಬಾಲ ಅಲ್ಲಾಡಿಸುವ ಮರಿಯೊಂದು ಸಿಕ್ಕೇ ಸಿಗುತ್ತದೆ. ಅದು ಈ ಹವೆಗೇ ಹುಟ್ಟಿದ್ದು.